ಪೇಟೆಂಟ್ ಎಕ್ಸಾಮಿನೇಶನ್ ರಿಪೋರ್ಟ್‌ನಾಗ "ಇನ್ವೆಂಟಿವ್ ಸ್ಟೆಪ್ ಇಲ್ಲ" (ಹೊಸ ಹೆಜ್ಜಿ ಏನೂ ಇಲ್ಲ) ಅಂತ ಬಂದದ: ಬೋರ್ ಸ್ಟಾರ್ಟರ್, ಲೋರಾ ಜಾಯಿನ್ ವಿಷಯ, ಏನ್ ಉತ್ರ ಬರೀಬೇಕ್ರಿ?

ಬಿಸಿಲೂರು_ಇಸಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಕಲಬುರಗಿಯಂವ, ಇಸಿ ಮುಗ್ಸೀನಿ. ಫೈನಲ್ ಇಯರ್ ಪ್ರಾಜೆಕ್ಟ್ ಮ್ಯಾಲೆ ಕಾಲೇಜಿನವ್ರು ಪೇಟೆಂಟ್ ಹಾಕ್ಸಿದ್ರು, ಈಗ ಪೇಟೆಂಟ್ ಆಫೀಸಿನಿಂದ ಫಸ್ಟ್ ಎಕ್ಸಾಮಿನೇಶನ್ ರಿಪೋರ್ಟ್, ಅಂದ್ರ ಮೊದಲ ತಕರಾರು ಪಟ್ಟಿ, ಬಂದದ.

ಪ್ರಾಜೆಕ್ಟ್ ಏನಂದ್ರ ಅಫಜಲಪುರ ಕಡಿ ಹೊಲದಾಗಿನ ಬೋರ್ ಸ್ಟಾರ್ಟರ್‌ಗಳಿಗೆ ಲೋರಾ ನೋಡ್ (ಕಡಿಮಿ ಕರೆಂಟಿನಾಗ ದೂರ ಮುಟ್ಟೂ ರೇಡಿಯೋ ಡಬ್ಬಿ) ಕೂಡ್ಸಿ ಫೋನಿನಿಂದ ಮೋಟರ್ ಚಾಲೂ ಬಂದ್ ಮಾಡೂದು. ಇದು ಎಲ್ಲಾರೂ ಮಾಡ್ತಾರ, ಅದಕ್ಕ ಪೇಟೆಂಟ್ ಅಲ್ಲ. ತ್ರೀ ಫೇಸ್ ನಮ್ಮ ಕಡಿ ಪಾಳಿ ಮ್ಯಾಲೆ ಬರ್ತದ ನಿಮಗ ಗೊತ್ತದ, ಕರೆಂಟ್ ಬಂತಂದ್ರ ಎಲ್ಲಾ ನೋಡ್ ಒಮ್ಮೆಲೇ ಎದ್ದು ಗೇಟ್‌ವೇಕ್ಕ (ಎಲ್ಲಾ ನೋಡಿನ ಸಿಗ್ನಲ್ ಹಿಡಿಯೂ ಡಬ್ಬಿ) ಜಾಯಿನ್ ರಿಕ್ವೆಸ್ಟ್ (ನೆಟ್‌ವರ್ಕಿಗೆ ಸೇರಿಸ್ಕೋ ಅನ್ನೂ ಮೆಸೇಜ್) ಒಗೀತಾವ, ಒಂದರ ಮ್ಯಾಲೊಂದು ಬಿದ್ದು ಯಾವುದೂ ಮುಟ್ಟಂಗಿಲ್ಲ, ಮತ್ತ ಒಗೀತಾವ ಮತ್ತ ಬೀಳ್ತಾವ, ಅಷ್ಟೊತ್ತಿಗೆ ರೈತ ಬೇಸತ್ತು ಬೈಕ್ ತಗೊಂಡು ಹೊಲಕ್ಕ ಹೋಗಿ ಕೈಲೇ ಬಟನ್ ಒತ್ತಿ ಬಂದಿರ್ತಾನ. ಇದಕ್ಕ ನಾವು ಏನ್ ಮಾಡಿದ್ವಿ ಅಂದ್ರ ಕರೆಂಟ್ ಬಂದ ಮ್ಯಾಲೆ ಪ್ರತಿ ನೋಡೂ ಬ್ಯಾರೆ ಬ್ಯಾರೆ ಹೊತ್ತು ತಡದು ಜಾಯಿನ್ ಮಾಡೂ ಹಂಗ ಮಾಡಿದ್ವಿ. ಕ್ಲೇಮ್ 1 (ಕ್ಲೇಮ್ ಅಂದ್ರ ಇದು ನಮ್ಮ ಹಕ್ಕು ಅಂತ ಅರ್ಜಿದಾಗ ಬರದ ಸಾಲು) ಇದ. ಆ ತಡಿಯೂ ಹೊತ್ತು ಹೆಂಗ ಲೆಕ್ಕ ಮಾಡ್ತೀವಿ ಅನ್ನೂದು ಕ್ಲೇಮ್ 7ರಾಗ ಅದ: ಆಜುಬಾಜು ಮೋಟರ್ ಚಾಲೂ ಆದಾಗ ಲೈನ್ ವೋಲ್ಟೇಜ್ ಒಂದ್ ಝಟಕಾ ಇಳೀತದಲ್ಲ, ಆ ಇಳಿತ ಎಣಿಸಿ ನಂದು ಎಷ್ಟನೇ ಪಾಳಿ ಅಂತ ನೋಡ್ ತಾನೇ ತಿಳ್ಕೋತದ.

ಎಕ್ಸಾಮಿನರ್ ಎರಡು ಕಾಗದ ತೋರ್ಸ್ಯಾರ. ಡಿ1 ತ್ರೀಜಿಪಿಪಿದು (ಮೊಬೈಲ್ ನೆಟ್‌ವರ್ಕ್ ಸ್ಟ್ಯಾಂಡರ್ಡ್ ಬರಿಯೂ ಸಂಸ್ಥಾ) ಟಿಆರ್ 37.868 ಅನ್ನೂ ವರದಿ, ಡಿ2 ಯಾವುದೋ ಸ್ಮಾರ್ಟ್ ಮೀಟರ್ ಅರ್ಜಿ. ಎರಡೂ ಕೂಡ್ಸಿದ್ರ ನಿಮ್ದು ಆಬ್ವಿಯಸ್ (ಬಲ್ಲಂವಗ ಸಹಜ ಹೊಳಿಯೂದು) ಅಂತ ಬರದಾರ. ಜತೀಗೆ ಸೆಕ್ಷನ್ 3(ಕೆ), ಇದು ಬರೇ ಅಲ್ಗಾರಿದಮ್ (ಲೆಕ್ಕದ ರೀತಿ), ಅದಕ್ಕ ಪೇಟೆಂಟ್ ಇಲ್ಲ ಅಂತ. ಡಿ1 ಮೊಬೈಲ್ ನೆಟ್‌ವರ್ಕಿಂದು, ಡಿ2 ಮೀಟರಿಂದು, ನಮ್ದು ಬೋರಿಂದು, ಮೂರಕ್ಕೂ ಏನ್ರಿ ಸಂಬಂಧ? ಎರಡರಾಗೂ ಲೋರಾ ಅನ್ನೂ ಶಬ್ದನೇ ಇಲ್ಲ. ಇಷ್ಟ ಬರದು ಕಳಿಸಿದ್ರ ನಡೀತದೇನು? ನಮ್ಮ ಏಜೆಂಟ್‌ರು ನೀವ ಟೆಕ್ನಿಕಲ್ ಪಾಯಿಂಟ್ ಬರದು ಕೊಡ್ರಿ ಅಂತ ಕುಂತಾರ.

ಗಾಳಿತರಂಗ_ಬೀದರ್:

ತಮ್ಮಾ, ಇಷ್ಟ ಬರದು ಕಳಿಸಿದ್ರ ನಡ್ಯಂಗಿಲ್ಲ. ನಾನು ಆರ್‌ಎಫ್ (ರೇಡಿಯೋ) ಕೆಲಸದಾಗ ಇದ್ದಂವ, ಖರೇ ಹೇಳ್ತೀನಿ ಸಿಟ್ಟಾಗಬ್ಯಾಡ.

37.868 ನೀನು ಪೂರ್ತಿ ಓದೀಯೇನು? ಅದು 2011ರ ಸುಮಾರಿಗೆ ಬಂದದ್ದು, ಮಶೀನ್‌ಗಳೆಲ್ಲಾ ಒಮ್ಮೆಲೇ ನೆಟ್‌ವರ್ಕ್ ಬಾಗಿಲಿಗೆ ಬಂದ್ರ ಏನಾಗ್ತದ ಅನ್ನೂದ ಅದರ ವಿಷಯ. ಅದ್ರಾಗ ಎರಡು ಟ್ರಾಫಿಕ್ ಮಾಡೆಲ್ ಇಟ್ಟಾರ, ಒಂದ್ರಾಗ ಸಾಧನಗಳು 60 ಸೆಕೆಂಡ್‌ನಾಗ ಹರಡಿ ಬರ್ತಾವ, ಇನ್ನೊಂದ್ರಾಗ 10 ಸೆಕೆಂಡ್‌ನಾಗ ಬೀಟಾ ಡಿಸ್ಟ್ರಿಬ್ಯೂಶನ್ ಮ್ಯಾಲೆ ನುಗ್ಗಿ ಬರ್ತಾವ, 30,000 ಸಾಧನದ ತನಕ ಲೆಕ್ಕ ಹಾಕ್ಯಾರ. ಎಲ್‌ಟಿಇ (4ಜಿ) ಒಳಗ ಒಂದು ಸೆಲ್ಲಿಗೆ ಪ್ರಿಆಂಬಲ್ (ಬಾಗಿಲು ಬಡಿಯೂ ಸಂಕೇತ) ಇರೂದು 64, ಅದ್ರಾಗೂ ಎಲ್ಲಾ ಪೈಪೋಟಿಗೆ ಸಿಗಂಗಿಲ್ಲ, ಅದಕ್ಕ ಬ್ಯಾಕಾಫ್ (ಮತ್ತ ಕಳಸೂ ಮೊದಲ ತಡಿಯೂ ಹೊತ್ತು) ಹೆಚ್ಚು ಮಾಡ್ರಿ, ಆಕ್ಸೆಸ್ ಕ್ಲಾಸ್ ಬಾರಿಂಗ್ (ಕೆಲವು ವರ್ಗದ ಸಾಧನಕ್ಕ ತಡಿ) ಹಾಕ್ರಿ, ಗುಂಪು ಮಾಡಿ ಸರದಿ ಕೊಡ್ರಿ ಅಂತ ಎಲ್ಲಾ ಬರದಾರ. ಮುಂದ ರಿಲೀಸ್ 11ರಾಗ ಇಂಥಾ ಸಾಧನಕ್ಕಂತ ಎಕ್ಸ್‌ಟೆಂಡೆಡ್ ಆಕ್ಸೆಸ್ ಬಾರಿಂಗೂ ಬಂತು. "ಬ್ಯಾರೆ ಬ್ಯಾರೆ ಹೊತ್ತು ತಡದು ಹೋಗೂದು" ಅಲ್ಲೇ ಸತ್ತಂಗ.

ಅದಕ್ಕಿಂತ ಹಿಂದ ಹೋಗು. ಹವಾಯಿ ಯೂನಿವರ್ಸಿಟಿಯ ಅಬ್ರಾಮ್ಸನ್ ಅವ್ರ ಅಲೋಹಾ ರೇಡಿಯೋ ನೆಟ್‌ವರ್ಕ್ 1971ರಾಗ ಚಾಲೂ ಆಗಿತ್ತು. ಬಡಕೊಂಡ್ರ ಯಾದೃಚ್ಛಿಕ ಹೊತ್ತು ತಡದು ಮತ್ತ ಕಳಸು, ಇದು ಆವಾಗಿಂದ ಬಂದ ಮಾತು. ಪ್ಯೂರ್ ಅಲೋಹಾದಾಗ ಚಾನೆಲ್ಲಿನ ಹೊತ್ತಿನಾಗ ಉಪಯೋಗ ಆಗೂದು ಜಾಸ್ತಿ ಅಂದ್ರ 18.4% ದಾಟಂಗಿಲ್ಲ, ಹೊತ್ತನ್ನ ಸ್ಲಾಟ್ ಮಾಡಿದ್ರ 36.8%. ನಿನ್ನ ಲೋರಾನೂ ಒಳಗಿಂದೊಳಗ ಅಲೋಹಾನೇ.

ಮತ್ತ ನಿನ್ನ ಎಕ್ಸಾಮಿನರ್ ತೋರ್ಸಿಲ್ಲ, ನಾ ತೋರಸ್ತೀನಿ. 2017 ಅಕ್ಟೋಬರ್‌ದಾಗ ಬಂದ ಲೋರಾವ್ಯಾನ್ (ಲೋರಾ ನೆಟ್‌ವರ್ಕಿನ ನಿಯಮ) 1.1 ಸ್ಪೆಸಿಫಿಕೇಶನ್ ತಗಿ, ರಿಟ್ರಾನ್ಸ್‌ಮಿಶನ್ ಬ್ಯಾಕಾಫ್ ಅಂತ ಒಂದು ಭಾಗ ಅದ. ಕರೆಂಟ್ ಹೋಗಿ ಬಂದಂಥಾ ಹೊರಗಿನ ಕಾರಣಕ್ಕ 100ಕ್ಕಿಂತ ಜಾಸ್ತಿ ಸಾಧನ ಒಮ್ಮೆಲೇ ಎದ್ರ ನೆಟ್‌ವರ್ಕ್ ಕುಸಿದು ಕುಸದಂಗೇ ಇರ್ತದ, ಅದಕ್ಕ ಮತ್ತ ಕಳಸೂ ಹೊತ್ತು ಒಂದೊಂದು ಸಾಧನಕ್ಕ ಒಂದೊಂದು ನಮೂನಿ ಇರಬೇಕು, ಬೇಕಾದ್ರ ಸಾಧನದ ಅಡ್ರೆಸ್ಸನ್ನೇ ಬೀಜ ಮಾಡಿ ರ್‍ಯಾಂಡಮ್ ನಂಬರ್ ತಗೀರಿ ಅಂತ ಅಲ್ಲೇ ಬರದದ. ಜಾಯಿನ್ ರಿಕ್ವೆಸ್ಟನ್ನೇ ಉದಾಹರಣಿ ಕೊಟ್ಟಾರ! ಎದ್ದ ಮೊದಲ ತಾಸಿನಾಗ ಕಳಸೂ ಹೊತ್ತು ಒಟ್ಟು 36 ಸೆಕೆಂಡ್, ಮುಂದಿನ 10 ತಾಸಿನಾಗ 36 ಸೆಕೆಂಡ್, ಆಮ್ಯಾಲೆ ದಿನಕ್ಕ 8.7 ಸೆಕೆಂಡ್ ಅಂತ ಮಿತಿನೂ ಹಾಕ್ಯಾರ. ನಿನ್ನ ಕ್ಲೇಮ್ 1 ಇದರ ಮುಂದ ನಿಲ್ಲಂಗಿಲ್ಲ ಬಿಡು. "ಲೋರಾ ಶಬ್ದ ಇಲ್ಲ" ಅಂತ ನೀನು ಬರದು ಕೊಟ್ರ, ಅವ್ರು ಹುಡುಕಿ ಇದನ್ನ ತಂದು ಮುಂದ ಇಡ್ತಾರ.

ಸುಮ್ನ_ಓದಾಂವ:

ಒಂದ ಕ್ಲಾಸಿನಾಗ ಎಲ್ಲಾರೂ ಒಮ್ಮೆಲೇ "ಸರ ಸರ" ಅಂದ್ರ ಯಾರ್ದೂ ಕೇಳಂಗಿಲ್ಲ ಅನ್ನೂದಕ್ಕ ಇಷ್ಟು ಕಾಗದಾನಾ 😂 ನಡೀಲಿ ನಡೀಲಿ, ಓದ್ಲತ್ತೀನಿ.

ಕ್ಲೇಮ್_ಒಂದು:

ನಾನು ಮೂಲ ಹುಮನಾಬಾದಿನಾಕಿ, ಈಗ ಚೆನ್ನೈದಾಗ ಪೇಟೆಂಟ್ ಏಜೆಂಟ್ ಕೆಲಸ. ಬೀದರ್ ಅಣ್ಣಾರು ಹೇಳಿದ್ದು ಕ್ಲೇಮ್ 1ಕ್ಕ ಪೂರಾ ಖರೇ, ಆದ್ರ ಕತಿ ಅಲ್ಲಿಗೆ ಮುಗ್ಯಂಗಿಲ್ಲ.

ತಮ್ಮಾ, ಮೊದಲ ಕಾಯ್ದೆ ಏನ್ ಕೇಳ್ತದ ನೋಡು. ಪೇಟೆಂಟ್ ಆಕ್ಟ್ 1970, ಸೆಕ್ಷನ್ 2(1)(ಜೆಎ): ಇದ್ದ ತಿಳುವಳಿಕಿಗಿಂತ ತಾಂತ್ರಿಕವಾಗಿ ಒಂದು ಹೆಜ್ಜಿ ಮುಂದ ಇರಬೇಕು ಇಲ್ಲಾ ಆರ್ಥಿಕ ಮಹತ್ವ ಇರಬೇಕು ಇಲ್ಲಾ ಎರಡೂ ಇರಬೇಕು, ಅದರ ಜತೀಗೆ ಆ ವಿದ್ಯೆ ಬಲ್ಲಂವಗ ಅದು ಆಬ್ವಿಯಸ್ ಇರಬಾರ್ದು. ಭಾಳ ಮಂದಿ ರೈತರಿಗೆ ರೊಕ್ಕ ಉಳೀತದ ಅಂತ ನಾಕ್ ಪುಟ ಬರದು ಕಳಸ್ತಾರ, ಕೊನಿ ಮಾತು ಬಿಟ್ಟೇ ಬಿಡ್ತಾರ. ರೊಕ್ಕ ಎಷ್ಟರ ಉಳೀಲಿ, ಆಬ್ವಿಯಸ್ ಇದ್ರ ಮುಗೀತು.

"ಡಿ1 ಮೊಬೈಲಿಂದು, ನಮ್ದು ಬೋರಿಂದು" ಅನ್ನೂ ವಾದ ಬಿಟ್ಟುಬಿಡು. ಡಿ1 ನಿನ್ನ ಸಮಸ್ಯೆನೇ ಬಿಡಸ್ಲತ್ತದ, ಸಾಧನ ಯಾವುದು ಅನ್ನೂದು ದೊಡ್ಡ ಮಾತಲ್ಲ. ಎರಡನ್ನ ಕೂಡಸೂದಕ್ಕೂ ತಕರಾರು ಇಲ್ಲ, ಕೂಡಸ್ಲಾಕ ಕಾರಣ ಏನು ಅನ್ನೂದರ ಮ್ಯಾಲೆ ತಕರಾರು. ಡಿ2 ಸ್ಮಾರ್ಟ್ ಮೀಟರ್ ಅಂದಿ, ಕರೆಂಟ್ ಬಂದ ಕೂಡ್ಲೇ ಅದು ವೋಲ್ಟೇಜ್ ಅಳೀತದ ಅಲ್ಲ? ಅಳದು ಏನ್ ಮಾಡ್ತದ ಅನ್ನೂದನ್ನ ಓದಿ ಹೇಳು. ಆ ಉತ್ತರದ ಮ್ಯಾಲೇ ನಿನ್ನ ಕೇಸ್ ನಿಂತದ.

ಬಿಸಿಲೂರು_ಇಸಿ:

ಈಗ ಮತ್ತ ಓದಿದೆ ಅಕ್ಕಾ. ಡಿ2ದಾಗ ವೋಲ್ಟೇಜ್ ಅಳದು ಆ ನಂಬರನ್ನ ಸರ್ವರಿಗೆ ಕಳಸ್ತದ ಅಷ್ಟ, ಯಾವ ಏರಿಯಾಕ್ಕ ಕರೆಂಟ್ ಬಂತು, ಎಷ್ಟು ವೋಲ್ಟೇಜ್ ಅದ ಅಂತ ಆಫೀಸಿನಾಗ ಕುಂತು ನೋಡ್ಲಾಕ. ಯಾವಾಗ ಕಳಸಬೇಕು ಅನ್ನೂದು ರ್‍ಯಾಂಡಮ್ ಟೈಮರ್. ವೋಲ್ಟೇಜಿಗೂ ಟೈಮರಿಗೂ ಕೂಡೂದೇ ಇಲ್ಲ.

ಕ್ಲೇಮ್_ಒಂದು:

ಇದ ನೋಡು ಬೇಕಾಗಿದ್ದು.

ಡಿ2 ಓದಿದಂವಗ ವೋಲ್ಟೇಜ್ ಅಂದ್ರ ಕಳಸೂ ಮಾಹಿತಿ. ನಿನಗ ವೋಲ್ಟೇಜ್ ಅಂದ್ರ ಯಾವಾಗ ಕಳಸಬೇಕು ಅನ್ನೂ ಸೂಚನಾ. ಡಿ1 ಓದಿದಂವ ಸರದಿ ಬೇಕಂದ್ರ ಬೇಸ್ ಸ್ಟೇಶನ್ ಕಡಿಂದ ಕೇಳ್ತಾನ ಇಲ್ಲಾ ಡೈಸ್ ಒಗೀತಾನ. ಎರಡೂ ಕಾಗದ ಟೇಬಲ್ ಮ್ಯಾಲೆ ಇಟ್ರೂ ಕರೆಂಟ್ ತಂತಿ ನೋಡಿ ರೇಡಿಯೋದ ಸರದಿ ತಗಿ ಅನ್ನೂ ಮಾತು ಎರಡರಾಗೂ ಇಲ್ಲ. ಯುರೋಪಿನ ಪೇಟೆಂಟ್ ಆಫೀಸಿನಾಗ ಇದನ್ನ ಕೇಳೂ ರೀತಿನೇ ಬ್ಯಾರೆ: ಬಲ್ಲಂವ ಹಂಗ ಮಾಡಬಹುದಿತ್ತೇನು ಅಂತಲ್ಲ, ಮಾಡೇ ಮಾಡ್ತಿದ್ನೇನು ಅಂತ. ನಮ್ಮಲ್ಲಿ 2015ರ ರೋಷ್ ಮತ್ತ ಸಿಪ್ಲಾ ಕೇಸಿನಾಗ ದಿಲ್ಲಿ ಹೈಕೋರ್ಟ್ ಡಿವಿಜನ್ ಬೆಂಚ್ ಮೆಟ್ಟಿಲು ಹಾಕಿ ಕೊಟ್ಟದ. ಬಲ್ಲಂವ ಯಾರು, ಇನ್ವೆನ್ಶನ್ನಿನ ತಿರುಳು ಏನು, ಅರ್ಜಿ ಹಾಕಿದ ದಿನಕ್ಕ ಆ ಬಲ್ಲಂವಗ ಏನೇನು ಗೊತ್ತಿತ್ತು, ಹಳೇದಕ್ಕೂ ಇದಕ್ಕೂ ಫರಕ್ ಏನು, ಮತ್ತ ಕೊನೀಗೆ ಉತ್ತರ ಮೊದಲ ನೋಡಿದಂವನ ಕಣ್ಣಿಂದ ನೋಡದ ಆ ಫರಕ್ ಸಹಜ ಹೊಳೀತಿತ್ತೇನು.

2022ರ ಅಗ್ರಿಬೋರ್ಡ್ ಕೇಸೂ ನಿನಗ ಬೇಕು. ಇನ್ವೆಂಟಿವ್ ಸ್ಟೆಪ್ ಇಲ್ಲ ಅಂತ ತಳ್ಳಿ ಹಾಕೂದಿದ್ರ ಹಳೇದ್ರಾಗ ಏನದ, ಅರ್ಜಿದಾಗ ಏನದ, ಬಲ್ಲಂವ ಅಲ್ಲಿಂದ ಇಲ್ಲಿಗೆ ಹೆಂಗ ಬರ್ತಿದ್ದ, ಈ ಮೂರನ್ನೂ ಕಂಟ್ರೋಲರ್ ಬಿಚ್ಚಿ ಬರೀಬೇಕು ಅಂತ ದಿಲ್ಲಿ ಹೈಕೋರ್ಟ್ ಹೇಳ್ತು. ನೀ ಉತ್ತರ ಬರಿಯೂವಾಗ ಮೂರನೇದ್ರ ಮ್ಯಾಲೆ ಬೆರಳಿಡು.

ಇಷ್ಟೆಲ್ಲಾ ಕ್ಲೇಮ್ 7ಕ್ಕ ಮಾತ್ರ. ಡ್ರಾಫ್ಟ್ ಮಾಡಿದವ್ರು ಛಲೋದನ್ನ ಒಳಗ ಮುಚ್ಚಿಟ್ಟು ಹಳೇದನ್ನ ಬಾಗಿಲಿಗೆ ನಿಲ್ಸ್ಯಾರ. ಅದು ಹೊಸದೇನಲ್ಲ, ಮೊದಲು ಅಗಲ ಕೇಳಿ ಆಮ್ಯಾಲೆ ಸಣ್ಣ ಮಾಡ್ಕೊಳ್ಳೂದು ನಮ್ಮ ಧಂದೇದ ರೂಢಿ. ಕ್ಲೇಮ್ 7 ಎತ್ತಿ 1ರಾಗ ಕೂಡ್ಸು. ಸೆಕ್ಷನ್ 59 ಪ್ರಕಾರ ಸಣ್ಣ ಮಾಡ್ಲಾಕ ಅಡ್ಡಿ ಇಲ್ಲ, ದೊಡ್ಡ ಮಾಡ್ಲಾಕ ಬರಂಗಿಲ್ಲ.

ಗಾಳಿತರಂಗ_ಬೀದರ್:

ಮೇಡಂ, ನಾ ಒಪ್ಪಂಗಿಲ್ಲ. ಕ್ಲೇಮ್ 7ರ ಮ್ಯಾಲೂ ನನಗ ಸಂಶಯ ಅದ.

ಮಾತಾಡೂ ಮೊದಲ ಕೇಳು ಅನ್ನೂದು ಸಿಎಸ್‌ಎಂಎ, 1997ರ ವೈಫೈ ಸ್ಟ್ಯಾಂಡರ್ಡಿನಾಗ ಕುಂತದ. ಇವ್ರು ಗಾಳ್ಯಾಗ ಕೇಳೂ ಬದಲಿ ತಂತಿ ಮ್ಯಾಲೆ ಕೇಳ್ಯಾರ, ಇಷ್ಟ. ಸುಪ್ರೀಂ ಕೋರ್ಟ್ 1978ರಾಗ ಬಿಶ್ವನಾಥ್ ಪ್ರಸಾದ್ ಕೇಸಿನಾಗ, ಅದೇ ಪಾತ್ರೆ ತಿರುವೂ ಲೇಥಿಂದು, ಬರೇ ವರ್ಕ್‌ಶಾಪ್ ಸುಧಾರಣಾ ಆದ್ರ ಪೇಟೆಂಟ್ ಇಲ್ಲ ಅಂದದ ಅಲ್ರಿ? ಅಮೆರಿಕಾದಾಗ 2007ರ ಕೆಎಸ್‌ಆರ್ ಕೇಸಿನಾಗ, ಗಾಡಿ ಪೆಡಲ್ಲಿಗೆ ಸೆನ್ಸರ್ ಕೂಡ್ಸಿದ್ದರದು, ಬಲ್ಲಂವ ಅಂದ್ರ ಬರೇ ಯಂತ್ರ ಅಲ್ಲ, ಅವಗೂ ಸಾಧಾರಣ ಕಲ್ಪನಾ ಇರ್ತದ ಅಂತ ಹೇಳಿದ್ರು. ಒಬ್ಬ ಸಾಧಾರಣ ಎಂಜಿನಿಯರಿಗೆ, ಅದೂ ನಮ್ಮ ಕಡಿ ಹುಟ್ಟಿ ಬೆಳದಂವಗ, ಮೋಟರ್ ಚಾಲೂ ಆದ್ರ ಲೈಟ್ ಸಣ್ಣ ಆಗ್ತದ ಅಂತ ಗೊತ್ತಿರ್ತದ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ?

ಕ್ಲೇಮ್_ಒಂದು:

ದೂರ ಕಡಿಮಿ ಅನ್ಸೂದು ಉತ್ತರ ನೋಡಿದ ಮ್ಯಾಲೆ ಅಣ್ಣಾ, ಅದನ್ನೇ ಹೈಂಡ್‌ಸೈಟ್ ಅಂತ ಕೋರ್ಟ್ ಬೈಯೂದು. 2022ರ ಏವರಿ ಡೆನಿಸನ್ ತೀರ್ಪಿನಾಗೂ ಸರಳ ಅದ ಅಂತ ಇನ್ವೆಂಟಿವ್ ಅಲ್ಲ ಅನ್ಲಾಕ ಬರಂಗಿಲ್ಲ ಅಂದಾರ. ಮತ್ತ ನಿಮಗ ಒಂದು ಕೇಳ್ತೀನಿ, ನೀವ ಆರ್‌ಎಫ್‌ನವ್ರು: ಲೋರಾ ನೋಡಿಗೆ ಬಾಜು ಹೊಲದ ನೋಡ್ ಗಾಳ್ಯಾಗ ಕೇಳಿಸ್ತದೇನು?

ಗಾಳಿತರಂಗ_ಬೀದರ್:

ಕೇಳಸೂದು ಕಷ್ಟ. ಲೋರಾ ಸಿಗ್ನಲ್ ನಾಯ್ಸಿನ ಕೆಳಗೂ ಇರ್ತದ, ಬರೇ ಎನರ್ಜಿ ಅಳದ್ರ ಸಿಗಂಗಿಲ್ಲ. ನೋಡಿನ ಆಂಟೆನಾ ಸ್ಟಾರ್ಟರ್ ಡಬ್ಬಿ ಮಟ್ಟದಾಗ, ಗೇಟ್‌ವೇ ಮ್ಯಾಲೆ ಟವರಿನಾಗ. ಗೇಟ್‌ವೇಕ್ಕ ಇಬ್ಬರೂ ಕೇಳಸ್ತಾರ, ಇಬ್ಬರಿಗೂ ಒಬ್ಬರಿಗೊಬ್ಬರು ಕೇಳಸಂಗಿಲ್ಲ, ಹಿಡನ್ ನೋಡ್ ಅಂತಾರ. ವೈಫೈದಾಗ ಅದಕ್ಕ ಆರ್‌ಟಿಎಸ್ ಸಿಟಿಎಸ್ (ಕಳಸಲೇನು ಅಂತ ಮೊದಲ ಕೇಳಿ ಒಪ್ಪಿಗಿ ತಗೊಳ್ಳೂದು) ಇಟ್ಟಾರ. ಇಲ್ಲಿ ಅದು ನಡ್ಯಂಗಿಲ್ಲ, ಎಸ್‌ಎಫ್12 (ಲೋರಾದ ಎಲ್ಲಕ್ಕಿಂತ ನಿಧಾನ ವೇಗ) ಮ್ಯಾಲೆ ಒಂದು ಜಾಯಿನ್ ರಿಕ್ವೆಸ್ಟೇ ಸುಮಾರು ಒಂದೂವರಿ ಸೆಕೆಂಡ್ ಗಾಳ್ಯಾಗ ಇರ್ತದ, ಜಾಯಿನ್ ಅಕ್ಸೆಪ್ಟ್ ಬರ್ಲಾಕ 5 ಇಲ್ಲಾ 6 ಸೆಕೆಂಡ್ ಕಾಯಬೇಕು, ಆ ಅಕ್ಸೆಪ್ಟ್ ಕಳಸೂ ಹೊತ್ತಿನಾಗ ಗೇಟ್‌ವೇ ಕಿವುಡು. ನಮ್ಮ ದೇಶದಾಗ ಜಾಯಿನ್ ಮಾಡ್ಲಾಕ ಇರೂ ಡಿಫಾಲ್ಟ್ ಚಾನೆಲ್ ಮೂರ: 865.0625, 865.4025, 865.985 ಮೆಗಾಹರ್ಟ್ಸ್.

ಹಂ... ಇದನ್ನ ಬರದ ಮ್ಯಾಲೆ ನೀವು ಎಲ್ಲಿಗೆ ಕರಕೊಂಡ್ ಹೊಂಟೀರಿ ಅಂತ ತಿಳೀತು ಮೇಡಂ 😄

ಕ್ಲೇಮ್_ಒಂದು:

ಹೌದು. ಗಾಳ್ಯಾಗ ಕೇಳಸದವ್ರು ತಂತಿ ಮ್ಯಾಲೆ ಕೇಳಸ್ತಾರ, ಯಾಕಂದ್ರ ಒಂದ ಟಿಸಿ (ಟ್ರಾನ್ಸ್‌ಫಾರ್ಮರ್) ಮ್ಯಾಲೆ ಇದ್ದಾರ. ಅಂದ್ಮ್ಯಾಲೆ ಸಿಎಸ್‌ಎಂಎ ಇಲ್ಲಿ ಹತ್ತಂಗಿಲ್ಲ ಅಂತ ಬಲ್ಲಂವಗ ಮೊದಲ ಗೊತ್ತಿತ್ತು, ಹಂಗಾಗಿ ಆ ದಾರಿ ಬಿಟ್ಟು ಎಲ್ಲಾರೂ ರ್‍ಯಾಂಡಮ್ ದಾರಿ ಹಿಡದಾರ, ನೀವ ತೋರ್ಸಿದ ಲೋರಾವ್ಯಾನ್ ಸ್ಪೆಸಿಫಿಕೇಶನ್ನೂ ಅದನ್ನೇ ಹಿಡದದ. ಇವ್ರು ಬಿಟ್ಟ ದಾರಿಗೆ ಬ್ಯಾರೆ ಬಾಗಿಲಿಂದ ಹೊಕ್ಕಾರ. ಇದು ನನ್ನ ವಾದ, ಗೆಲ್ತದ ಅಂತ ಬರದು ಕೊಡಂಗಿಲ್ಲ, ಆದ್ರ ವಾದ ಅದ.

ಇಂಥಾದ ಒಂದು ದೊಡ್ಡ ಕೇಸ್ ಆಗ್ಯದ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥಾದ ವೈಫೈ ಪೇಟೆಂಟ್, ಅಮೆರಿಕಾದಾಗ 1996ರಾಗ ಸಿಕ್ಕಿದ್ದು, ಮನಿ ಒಳಗ ರೇಡಿಯೋ ಅಲೆ ಗ್ವಾಡಿಗೆ ಬಡದು ತಿರುಗಿ ಬರೂ ಕಾಟದ್ದು. ಬಫಲೋ ಕಂಪನಿ ಮ್ಯಾಲೆ ದಾವೆ ಹಾಕಿದ್ರು. ಕೆಳಗಿನ ಕೋರ್ಟ್ ಪೇಟೆಂಟ್ ಕಡೀಗೆ ಹೇಳ್ತು, ಆದ್ರ 2008ರಾಗ ಮ್ಯಾಲಿನ ಫೆಡರಲ್ ಸರ್ಕೀಟ್ ಕೋರ್ಟ್ ಉಳದದ್ದೆಲ್ಲಾ ಎತ್ತಿ ಹಿಡದು ಆಬ್ವಿಯಸ್ ಪ್ರಶ್ನೆ ಒಂದನ್ನ ಮಾತ್ರ ವಾಪಸ್ ಕಳಿಸ್ತು. ಬಯಲಿನ ರೇಡಿಯೋಕ್ಕ ಮಾಡಿದ ಹಳೇ ಉಪಾಯಗಳನ್ನ ಒಳಮನಿಗೆ ತರ್ಲಾಕ ಬಲ್ಲಂವಗ ಕಾರಣ ಇತ್ತೋ ಇಲ್ಲೋ ಅನ್ನೂದು ಕಾಗದ ನೋಡಿ ತೀರ್ಮಾನ ಮಾಡೂದಲ್ಲ, ವಿಚಾರಣಾ ಆಗಬೇಕು ಅಂತ. ಅಂಥಾ ಪೇಟೆಂಟಿಗೇ ಆ ಪ್ರಶ್ನೆ ತಪ್ಪಲಿಲ್ಲ, ನಿನ್ನ ಬೋರಿಗೆ ತಪ್ಪಿದ್ರ ಆಶ್ಚರ್ಯ.

ವೈಂಡಿಂಗ್_ಸುರಪುರ:

ನಾ ಪೇಟೆಂಟ್ ಗೀಟೆಂಟ್ ತಿಳಿಯಂವಲ್ರಿ, ಸುರಪುರದಾಗ ಮೋಟರ್ ವೈಂಡಿಂಗ್ ಅಂಗಡಿ ಅದ. ಆದ್ರ ಒಂದು ಹೇಳಬೇಕು. ಆಟೋ ಸ್ಟಾರ್ಟರಿನಾಗ ಆನ್ ಡಿಲೇ ಟೈಮರ್ ಮೊದಲಿಂದ ಅದ. ಎಲ್ಲಾರ ಮೋಟರ್ ಒಮ್ಮೆಲೇ ಎದ್ರ ಟಿಸಿ ಸುಟ್ಟು ಹೋಗ್ತದ, ಡೈರೆಕ್ಟ್ ಚಾಲೂ ಆಗೂ ಮೋಟರ್ ಏಳೂ ಹೊತ್ತಿನಾಗ 6ರಿಂದ 8 ಪಟ್ಟು ಕರೆಂಟ್ ಎಳೀತದ. ಅದಕ್ಕ ಶ್ಯಾಣ್ಯಾ ಇದ್ದವ್ರು ಒಂದ ಟಿಸಿಯವ್ರು ಮಾತಾಡ್ಕೊಂಡು ಒಬ್ಬೊಬ್ರು ಒಂದೊಂದು ಟೈಮ್ ಇಟ್ಕೋತಾರ. ಕರೆಂಟ್ ಬಂದ ಮ್ಯಾಲೆ ತಡದು ಚಾಲೂ ಮಾಡೂದು ಹೊಸಾದು ಅಂತ ಯಾರರ ಸರ್ಕಾರಕ್ಕ ಬರದು ಕೊಟ್ರ ನಮ್ಮ ಅಂಗಡ್ಯಾಗ ಕುಂತವ್ರೆಲ್ಲಾ ನಗ್ತಾರ.

ಇನ್ನೊಂದು. ನಿಮ್ಮ ನೋಡ್ ಇಳಿತ ಎಣಿಸ್ತದ ಅಂದ್ರಿ. ಎರಡು ಮೋಟರ್ ಕೂಡೇ ಎದ್ರ ಇಳಿತ ಒಂದ ಕಾಣ್ತದ. ವೆಲ್ಡಿಂಗ್ ಮಶೀನ್ ಹಚ್ಚಿದ್ರೂ ಇಳೀತದ. ಬ್ಯಾರೆ ಟಿಸಿ ಮೋಟರ್ ಎದ್ರ ನಿಮಗ ಕಾಣೂದೇ ಇಲ್ಲ ಅನ್ನಬಹುದು. ಆವಾಗ ಲೆಕ್ಕ ಹೆಂಗ?

ಬಿಸಿಲೂರು_ಇಸಿ:

ಅಣ್ಣಾ, ಕೂಡೇ ಎದ್ರ ಇಳಿತ ಆಳ ಇರ್ತದ, ಆಳ ನೋಡಿ ಎರಡು ಅಂತ ಹಿಡೀತೀವಿ, ಕ್ಲೇಮ್ 9ರಾಗ ಅದ. ವೆಲ್ಡಿಂಗಿಂದು ಇಳಿತ ತುಂಡು ತುಂಡು ಬರ್ತದ, ಮೋಟರಿಂದು ಇಳದು ನಿಧಾನ ಏರ್ತದ, ಆಕಾರ ಬ್ಯಾರೆ. ಬ್ಯಾರೆ ಟಿಸಿದು ಕಾಣಂಗಿಲ್ಲ ಖರೇ, ಅದಕ್ಕ ಟಿಸಿಗೆ ಒಂದು ನಂಬರ್ ಕೊಟ್ಟು ಒಂದೊಂದು ಟಿಸಿಗೆ ಒಂದೊಂದು ಚಾನೆಲ್ ಇಟ್ಟೀವಿ. ವಿವರಣಿದಾಗ ಎಲ್ಲಾ ಅದ, ಗ್ರಾಫೂ ಅದ.

ಟೈಮರ್ ಮಾತಿಗೆ ಅಕ್ಕಾ ಏನಂತೀರಿ? ಇದು ಎಕ್ಸಾಮಿನರಿಗೆ ಗೊತ್ತಾದ್ರ ಇನ್ನೂ ಕೆಡ್ತದಲ್ಲ?

ಕ್ಲೇಮ್_ಒಂದು:

ಸುರಪುರ ಅಣ್ಣಾರು ಹೇಳಿದ್ದು ಈ ಚರ್ಚಾದಾಗೇ ಭಾಳ ಕಿಮ್ಮತ್ತಿನ ಮಾತು. ನಮ್ಮ ದೇಶದಾಗ ಮಂದಿಗೆ ಗೊತ್ತಿದ್ದು ಬಳಕಿದಾಗ ಇದ್ದದ್ದು ಇದ್ರ ಸೆಕ್ಷನ್ 25(1)(ಡಿ) ಪ್ರಕಾರ ಯಾರು ಬೇಕಾದ್ರೂ ಗ್ರಾಂಟ್ ಆಗೂ ಮೊದಲ ಅಡ್ಡಿ ಅರ್ಜಿ ಹಾಕಬಹುದು, ಅದಕ್ಕ ಪೇಪರಿನಾಗ ಛಾಪಿಸಿರಬೇಕಂತ ಇಲ್ಲ. ಹಳೇ ಕ್ಲೇಮ್ 1ಕ್ಕ ಇದು ಇನ್ನೊಂದು ಕಲ್ಲು.

ಆದ್ರ ಹೊಸ ಕ್ಲೇಮಿಗೆ ಇದು ನಿನ್ನ ಕಡೀಗೇ ಬರ್ತದ. ಟೈಮರ್ ಇಟ್ಕೊಂಡಿದ್ದು ಟಿಸಿ ಉಳಸ್ಲಾಕ, ರೇಡಿಯೋಕ್ಕಲ್ಲ. ಆ ಟೈಮರಿಂದನೇ ಮೋಟರ್‌ಗಳು ಒಂದರ ಹಿಂದ ಒಂದು ಏಳ್ತಾವ, ಇಳಿತಗಳು ಬಿಡಿ ಬಿಡಿ ಕಾಣ್ತಾವ, ನೀನು ಎಣಿಸ್ತಿ. ಊರ ಮಂದಿ ಮಾಡ್ಕೊಂಡ ಸರದಿನ ನಿನ್ನ ನೋಡ್ ಓದಿಕೊಂಡು ರೇಡಿಯೋಕ್ಕ ಹಚ್ತದ, ಗೇಟ್‌ವೇಯಿಂದ ಒಂದು ಮೆಸೇಜೂ ಬ್ಯಾಡ. ತಾಂತ್ರಿಕ ಮುನ್ನಡಿ ಅಂತ ಬರೀಲಾಕ ಇದಕ್ಕಿಂತ ಛಲೋ ಸಾಲು ಸಿಗಂಗಿಲ್ಲ. ರ್‍ಯಾಂಡಮ್ ಟೈಮರ್ ಇಟ್ಟಾಗ ಎಷ್ಟು ಹೊತ್ತು ಹತ್ತಿತು, ನಿಮ್ಮ ರೀತಿದಾಗ ಎಷ್ಟು, ಆ ಗ್ರಾಫ್ ಅರ್ಜಿದಾಗ ಮೊದಲ ಇದ್ರ ಅದನ್ನೇ ತೋರ್ಸು.

3(ಕೆ)ಗೆ ಭಾಳ ತಲಿ ಕೆಡಿಸ್ಕೋಬ್ಯಾಡ. 2019ರ ಫೆರಿದ್ ಅಲ್ಲಾನಿ ತೀರ್ಪು ತಾಂತ್ರಿಕ ಪರಿಣಾಮ ನೋಡ್ರಿ ಅಂತದ. ಕ್ಲೇಮಿನಾಗ ವೋಲ್ಟೇಜ್ ಅಳಿಯೂ ಸರ್ಕೀಟ್ ಬರಲಿ, ಟ್ರಾನ್ಸ್‌ಮಿಟರ್ ಬರಲಿ, ಡಿಕ್ಕಿ ಕಡಿಮಿ ಆಗೂದು ಬರಲಿ.

ಗಾಳಿತರಂಗ_ಬೀದರ್:

ನನ್ನ ಸಂಶಯ ಪೂರ್ತಿ ಹೋಗಿಲ್ಲ ಅಂತ ಇಟ್ಕೋರಿ. ಆಳ ನೋಡಿ ಎರಡು ಮೋಟರ್ ಹಿಡಿಯೂದು ಐದು ಎಚ್‌ಪಿ, ಹತ್ತು ಎಚ್‌ಪಿ ಕಲಬೆರಕಿ ಇದ್ದಲ್ಲಿ ಹೆಂಗ ನಡೀತದ ಅಂತ ಹಿಯರಿಂಗಿನಾಗ ಕೇಳೇ ಕೇಳ್ತಾರ, ತಮ್ಮಾ ಅದಕ್ಕ ಉತ್ತರ ತಯಾರ ಇಟ್ಕೋ. ಆದ್ರ ಡಿ1 ಡಿ2 ಕೂಡ್ಸಿದ್ರ ಕ್ಲೇಮ್ 7 ಬರ್ತದ ಅನ್ನೂದಕ್ಕ ನಾನೂ ಒಪ್ಪಂಗಿಲ್ಲ ಈಗ.

ಬಿಸಿಲೂರು_ಇಸಿ:

ಹೊಸ ಕ್ಲೇಮ್ 1 ಹಿಂಗ ಬರದೀನಿ, ನೋಡ್ರಿ ಅಕ್ಕಾ: "ವಿದ್ಯುತ್ ಮರಳಿ ಬಂದ ನಂತರ, ಅದೇ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದ ಇತರ ಮೋಟರುಗಳು ಚಾಲೂ ಆದಾಗಿನ ವೋಲ್ಟೇಜ್ ಇಳಿತಗಳನ್ನು ಅಳೆಯುವ ಸರ್ಕೀಟ್, ಆ ಇಳಿತಗಳ ಎಣಿಕೆಯಿಂದ ಸ್ವಂತ ಸರದಿಯನ್ನು ನಿರ್ಧರಿಸುವ ಪ್ರೊಸೆಸರ್, ಆ ಸರದಿಯಲ್ಲಿ ಮಾತ್ರ ಜಾಯಿನ್ ರಿಕ್ವೆಸ್ಟ್ ಕಳಿಸುವ ಲೋರಾ ಟ್ರಾನ್ಸ್‌ಮಿಟರ್". ಟೈಮ್ ಎಷ್ಟದ ಇನ್ನ?

ಕ್ಲೇಮ್_ಒಂದು:

ರಿಪೋರ್ಟ್ ಕಳಿಸಿದ ತಾರೀಖಿನಿಂದ 6 ತಿಂಗಳು, ಅದು ಮುಗಿಯೂದ್ರೊಳಗ ಫಾರ್ಮ್ 4 ಹಾಕಿದ್ರ ಇನ್ನ 3 ತಿಂಗಳು ಸಿಗ್ತದ. ಉತ್ತರ ಕೊಟ್ಟ ಮ್ಯಾಲೂ ತಕರಾರು ಉಳದ್ರ ಹಿಯರಿಂಗ್ ಕರೀತಾರ, ಹಿಯರಿಂಗ್ ಆಗಿ 15 ದಿನದಾಗ ಲಿಖಿತ ವಾದ ಕೊಡಬೇಕು. ತಳ್ಳಿ ಹಾಕಿದ್ರ ಅಪೀಲು, ಐಪಿಎಬಿ (ಮೊದಲ ಪೇಟೆಂಟ್ ಅಪೀಲು ಕೇಳೂ ಮಂಡಳಿ) 2021ರಾಗ ಮುಚ್ಚಿದ ಮ್ಯಾಲೆ ಹೈಕೋರ್ಟಿಗೇ ಹೋಗಬೇಕು, ಕರ್ನಾಟಕದ ಅರ್ಜಿ ಚೆನ್ನೈ ಪೇಟೆಂಟ್ ಆಫೀಸಿಗೆ ಬರ್ತಾವ ಅದಕ್ಕ ಮದ್ರಾಸ್ ಹೈಕೋರ್ಟ್.

ಕ್ಲೇಮಿನಾಗ "ಲೋರಾ" ತಗದು ಹಾಕು. ಹಳೇ ಕ್ಲೇಮ್ 1ರಾಗ "ವೈರ್‌ಲೆಸ್ ಟ್ರಾನ್ಸ್‌ಮಿಟರ್" ಅಂತ ಇದ್ರ ಅದನ್ನೇ ಇಡು, ಇಲ್ಲಾಂದ್ರ ನಾಳೆ ಯಾರರ ಎನ್‌ಬಿ ಐಓಟಿ (ಮೊಬೈಲ್ ನೆಟ್‌ವರ್ಕಿನ) ಮಾಡ್ಯೂಲ್ ಹಾಕಿ ಇದನ್ನೇ ಮಾರ್ತಾರ, ನೀನು ನೋಡ್ತಾ ಕುಂದರಬೇಕಾಗ್ತದ. ಮತ್ತ ಕ್ಲೇಮ್ 9 ಬಿಡಬ್ಯಾಡ, ಕೆಳಗ ಡಿಪೆಂಡೆಂಟ್ (ಕ್ಲೇಮ್ 1ಕ್ಕ ಜೋತುಬಿದ್ದ) ಕ್ಲೇಮ್ ಆಗಿ ಇರಲಿ, ಹಿಯರಿಂಗಿನಾಗ ಕ್ಲೇಮ್ 1 ಅಲುಗಾಡಿದ್ರ ಹಿಂದ ಸರದು ನಿಲ್ಲಾಕ ಅದ ಜಾಗ. ಮೊದಲು ಹಳೇ ಕ್ಲೇಮ್ 1, 7, 9 ಮೂರನ್ನೂ ಇಲ್ಲಿ ಹಾಕು, ಶಬ್ದಕ್ಕ ಶಬ್ದ ನೋಡಿ ಹೇಳ್ತೀನಿ.